ಸ್ವಿಚ್ಚಿಗೆ ಹಚ್ಚಿದ ಕುಂಕುಮ

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಹಾಲಿನವನ ಎದುರಿಗೇ ಹಾಲಿಗೆ ಬೆರಳಿಟ್ಟು ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವಳು ತಾನಾಗಿಯೇ ಮಾತಾಡಿಸಿದರೆ ಮೊದಲು ನನ್ನ ಪರ್ಸು ಮುಟ್ಟಿ ನೋಡಿಕೊಳ್ಳುತ್ತೇನೆ, ಆಮೇಲೆ ನಗುತ್ತೇನೆ. ಇದು ತವರಿನಿಂದ ಬಂದ ಗುಣ. ಚಿಂಚಲಿ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಸಂಜೆ ಕುರಿ ಎಣಿಸಿ ಹಟ್ಟಿಗೆ ಕೂಡಿದ ಮೇಲೆ ಅವ್ವ ಇನ್ನೊಮ್ಮೆ ಎಣಿಸುತ್ತಿದ್ದಳು. "ಅಪ್ಪ ಎಣಿಸ್ಯಾನಲ್ಲ ಯವ್ವಾ" ಎಂದರೆ, "ಅಂವ ಎಣಿಸ್ಯಾನಂತನ ನಾ ಎಣಸಾಕತ್ತೀನಿ" ಎನ್ನುತ್ತಿದ್ದಳು. ಅಪ್ಪನಿಗೆ ಇದರಿಂದ ಸಿಟ್ಟೇನೂ ಬರುತ್ತಿರಲಿಲ್ಲ. ಅವಳು ಎಣಿಸಿ ಮುಗಿಸುವವರೆಗೆ ಬಾಗಿಲು ಹಿಡಿದು ನಿಂತಿರುತ್ತಿದ್ದ.

ಇಂಥವಳಿಗೆ ಸಿಕ್ಕಿದ್ದು ಕಾಗವಾಡ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ. ವರ್ಷ ವರ್ಷ ಮುಂದುವರಿಸುವ ಗುತ್ತಿಗೆಯ ನೌಕರಿ. ಗಂಡನ ಊರು ಅಥಣಿ. ಅಲ್ಲಿಂದ ದಿನಾ ಬಸ್ಸಿಗೆ ಹೋಗಿ ಬರುತ್ತೇನೆ. ಕಾರ್ಖಾನೆಯ ಟೈಮ್ ಆಫೀಸಿನ ಹಿಂದೆ ಒಂದು ಸಣ್ಣ ಕೋಣೆ ನನ್ನದು. ಅಲ್ಲಿ ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಮೂರು ಸ್ವಿಚ್ಚುಗಳು. ಸ್ವಿಚ್ಚೆಂದರೆ ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚಲ್ಲ. ಚಪ್ಪಟೆಯಾದ ಕಬ್ಬಿಣದ ಪೆಟ್ಟಿಗೆ, ಮುಂದುಗಡೆ ಸಾಲಾಗಿ ತೂತುಗಳು, ಒಂದೊಂದು ತೂತಿಗೆ ಒಂದೊಂದು ವೈರು. ಕಾರ್ಖಾನೆಯ ಕಂಪ್ಯೂಟರು, ಹಾಜರಿ ಯಂತ್ರ, ಕ್ಯಾಮೆರಾ ಎಲ್ಲವೂ ಇಲ್ಲಿಗೇ ಬಂದು ಸೇರುತ್ತವೆ. ಪ್ರತಿ ತೂತಿನ ಮೇಲೂ ಜೋಳದ ಕಾಳಿನಷ್ಟು ಒಂದು ಲೈಟು. ಹಸಿರು ಇದ್ದರೆ ವೈರು ಜೀವಂತ. ಮಿಣುಕುತ್ತಿದ್ದರೆ ಮಾಹಿತಿ ಓಡಾಡುತ್ತಿದೆ. ಹಳದಿಗೆ ತಿರುಗಿದರೆ ಏನೋ ಕೆಟ್ಟಿದೆ. ಉರಿಯದಿದ್ದರೆ ಆ ಕಡೆ ಯಾರೂ ಇಲ್ಲ.

ಆ ಪೆಟ್ಟಿಗೆಗಳ ಒಳಹೊಕ್ಕು ನೋಡುವ ಪಾಸ್‌ವರ್ಡು ಕೊಲ್ಲಾಪುರದ ಸಪ್ಲೈಯರ್ ಹತ್ತಿರ ಮಾತ್ರ ಇತ್ತು. ಕೇಳಿದರೆ ಮರಾಠಿಯಲ್ಲಿ "ಬಘತೋ, ಬಘತೋ", ನೋಡುತ್ತೇನೆ, ಎನ್ನುತ್ತಿದ್ದ, ಕೊಡುತ್ತಿರಲಿಲ್ಲ. ಹಾಗಾಗಿ ನನಗೆ ಲೈಟುಗಳೇ ಗತಿ. ಬರಬರುತ್ತ ನಾನು ಮನುಷ್ಯರಿಗಿಂತ ಅವನ್ನೇ ಹೆಚ್ಚು ನಂಬತೊಡಗಿದೆ. ಲೈಟು ಮುಲಾಜು ನೋಡುವುದಿಲ್ಲ, ಯಾವ ಜಾತಿಯವನೆಂದು ಕೇಳುವುದಿಲ್ಲ.

ಆದರೆ ಪೆಟ್ಟಿಗೆಯ ಎಡ ಮೂಲೆಯಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಅದೇ ಲೈಟುಗಳು ಬೇರೆ ಮಾತು ಹೇಳತೊಡಗುತ್ತವೆ. ಮೊದಲು ವೈರು ಜೀವಂತ ಇದೆಯೇ ಎಂದು ಹೇಳುತ್ತಿದ್ದವು, ಈಗ ವೇಗ ಎಷ್ಟು ಎಂದು ಹೇಳುತ್ತವೆ; ಇನ್ನೊಮ್ಮೆ ಒತ್ತಿದರೆ ಮೂರು ಪೆಟ್ಟಿಗೆಗಳ ನಡುವಿನ ನಂಟು ಹೇಗಿದೆ ಎಂದು ಹೇಳುತ್ತವೆ. ಹಸಿರು ಮಾತ್ರ ಅದೇ ಹಸಿರು. ಯಾವ ಪ್ರಶ್ನೆಗೆ ಅದು ಉತ್ತರ ಎಂಬುದನ್ನು ನೋಡುವವರೇ ನೆನಪಿಟ್ಟುಕೊಳ್ಳಬೇಕು. ನಾನು ಆ ಗುಂಡಿ ಒತ್ತಿ ವರ್ಷವೇ ಆಗಿತ್ತೇನೋ.

ಪೆಟ್ಟಿಗೆಗಳ ನಂಟು ಹಿಂದುಗಡೆ ಇರುತ್ತದೆ. ಮೂರು ಗಿಡ್ಡ ದಪ್ಪ ಕೇಬಲ್ಲುಗಳು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಮತ್ತೆ ಒಂದಕ್ಕೆ, ಉಂಗುರದ ಹಾಗೆ. ಇದಕ್ಕೆ ಸ್ಟ್ಯಾಕ್ ಎನ್ನುತ್ತೇವೆ. ಮೂರೂ ಸೇರಿ ಒಂದೇ ಪೆಟ್ಟಿಗೆಯಂತೆ ದುಡಿಯುತ್ತವೆ. ಉಂಗುರ ಪೂರ್ತಿ ಇದ್ದರೆ ಮಾಹಿತಿ ಎರಡೂ ಕಡೆಯಿಂದ ಸುತ್ತುತ್ತದೆ. ಒಂದು ಕೇಬಲ್ ಕಳಚಿದರೆ ಯಾವುದೂ ನಿಲ್ಲುವುದಿಲ್ಲ, ಮೋಸ ಇರುವುದೇ ಅಲ್ಲಿ. ಕೃಷ್ಣಾ ಹೊಳೆ ತುಂಬಿ ಕುಡಚಿಯ ಸೇತುವೆ ಮುಳುಗಿದರೆ ರಾಯಬಾಗದವರು ಅಥಣಿಗೆ ಬರುವುದೇನೂ ಬಿಡುವುದಿಲ್ಲ, ಬೇರೆ ಸೇತುವೆಗೆ ಸುತ್ತಿ ಬರುತ್ತಾರೆ. ಆದರೆ ಉಳಿದ ಆ ಒಂದು ದಾರಿಗೆ ಎಲ್ಲ ಗಾಡಿಗಳೂ ನುಗ್ಗುತ್ತವೆ, ಹೊತ್ತು ಏರಿದಂತೆ ಸಿಕ್ಕಿಕೊಳ್ಳುತ್ತವೆ, ಕೆಲವರು ಬೇಸತ್ತು ಹಿಂದಿರುಗುತ್ತಾರೆ. ನಮ್ಮ ಪೆಟ್ಟಿಗೆಗಳು ಹಳೆಯವು, ಅವುಗಳ ಹಿಂದಿನ ದಾರಿ ಮೊದಲೇ ಇಕ್ಕಟ್ಟು. ಈ ನಂಟು ಸರಿ ಇದೆಯೇ ಎಂದು ತೋರಿಸಲು ಪ್ರತಿ ಪೆಟ್ಟಿಗೆಯ ಎಡ ಮೂಲೆಯಲ್ಲಿ ಗುಂಡಿಯ ಮೇಲೆ ಒಂದು ಪುಟ್ಟ ಲೈಟು ಬೇರೆಯೇ ಇದೆ. ಉಂಗುರ ಪೂರ್ತಿ ಇದ್ದರೆ ಹಸಿರು, ಹರಿದಿದ್ದರೆ ಹಳದಿ.

ಇನ್ನು ಕಾಕಾ. ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಮೂವತ್ತು ವರ್ಷ ಕ್ಲರ್ಕಾಗಿದ್ದವರು. ಇಡೀ ಕಾರ್ಖಾನೆಗೆ ಕಾಕಾ. ರಾಯಬಾಗ ಕಡೆಯ ಹಳ್ಳಿಯವರು, ನಾನು ಹೇಳಹೊರಟ ವರ್ಷದ ಕಬ್ಬು ಅರೆಯುವ ಸೀಜನ್ ಮುಗಿದರೆ ನಿವೃತ್ತಿ. ದಿನಾ ಬೆಳಿಗ್ಗೆ ಮೊದಲ ಗಾಡಿ ಹತ್ತುವ ಮುಂಚೆ ಅವರು ಚಪ್ಪಲಿ ಕಳಚಿ ತಾವೇ ಕಾಟಾದ ಮೇಲೆ ನಿಲ್ಲುತ್ತಿದ್ದರು. ಸಾಲಿನಲ್ಲಿದ್ದ ಯಾರಾದರೂ ರೈತನನ್ನು ಕರೆದು "ಎಷ್ಟ ತೋರಸಾಕತ್ತೈತಿ ಓದ್ರಿ" ಎನ್ನುತ್ತಿದ್ದರು. ಅರವತ್ತು ಕಿಲೋ ಎಂದು ಅವನು ಓದಿದ ಮೇಲೆಯೇ ಗಾಡಿ ತೂಗುವುದು. ಐವತ್ತು ಟನ್ನಿನ ಕಾಟಾ ಒಬ್ಬ ಮುದುಕನನ್ನು ಸರಿಯಾಗಿ ತೂಗಿದರೆ ಕಬ್ಬನ್ನೂ ಸರಿಯಾಗಿ ತೂಗುತ್ತದೆಯೇ ಎಂದು ನನಗೆ ಯಾವಾಗಲೂ ಅನುಮಾನ. ರೈತರಿಗೆ ಮಾತ್ರ ಅದರಿಂದ ಸಮಾಧಾನವಾಗುತ್ತಿತ್ತು.

ಆ ವರ್ಷ ಸೀಜನ್ ಶುರುವಾಗುವ ಮೊದಲು ರೈತರು ಗೇಟಿನ ಮುಂದೆ ಕೂತರು. ಹೊರಗಿನ ಕಾಟಾದಲ್ಲಿ ಒಂದು ತೂಕ, ನಿಮ್ಮಲ್ಲಿ ಒಂದು ತೂಕ ಎಂಬುದು ಈ ಸೀಮೆಯ ಹಳೆಯ ತಕರಾರು. ತೂಕದಲ್ಲಿ ಮೋಸ ಮಾಡುವುದಕ್ಕೆ ಕಾಟಾ ಹೊಡೆಯುವುದು ಎಂದೇ ಹೆಸರು. ಕಾರ್ಖಾನೆಯವರು ಕಾಟಾದ ಸುತ್ತ ಕ್ಯಾಮೆರಾ ಹಾಕಿಸಲು ಒಪ್ಪಿದರು. ಗಾಡಿ ಹತ್ತಿದ್ದು, ಇಳಿದದ್ದು, ತೂಕದ ಅಂಕಿ, ಕ್ಲರ್ಕನ ಕೈ ಎಲ್ಲವೂ ನನ್ನ ಕೋಣೆಯ ರೆಕಾರ್ಡರಿಗೆ ಬರಬೇಕು. ಯಾವ ರೈತ ಕೇಳಿದರೂ ತೋರಿಸಬೇಕು.

ಸೀಜನ್ ಶುರುವಾಗಿ ಹದಿನೈದು ದಿನವಾಗಿರಬೇಕು, ಬೋರಗಾಂವ ಕಡೆಯ ಒಬ್ಬ ರೈತ ತನ್ನ ಗಾಡಿಯ ವೀಡಿಯೋ ನೋಡಬೇಕೆಂದು ಬಂದ. ಹಾಕಿದೆ. ಅವನ ಟ್ರ್ಯಾಕ್ಟರು ಕಾಟಾದ ಹತ್ತಿರ ಬಂತು, ಚಿತ್ರ ನಿಂತಿತು. ಮತ್ತೆ ಚಿತ್ರ ಬಂದಾಗ ಕಾಟಾದ ಮೇಲೆ ಬೇರೆಯವನ ಗಾಡಿ ನಿಂತಿತ್ತು. ನಡುವಿನ ಒಂದೂವರೆ ನಿಮಿಷ ಇಲ್ಲವೇ ಇಲ್ಲ. ರೈತ ನನ್ನ ಕಡೆ ತಿರುಗಲಿಲ್ಲ, ಪರದೆಯನ್ನೇ ನೋಡುತ್ತ, "ಬರೋಬರಿ ನನ್ನ ಗಾಡಿ ಬಂದಾಗನ ಹೋತಲ್ರಿ ಅಕ್ಕಾರ" ಎಂದ.

ಮಾತು ಆಫೀಸಿನ ಸಾಹೇಬರಿಗೆ ಹೋಯಿತು. ಅವರು ನನ್ನನ್ನು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: "ಇದು ಮಶೀನಿಂದೋ, ಮನಶ್ಯಾಂದೋ?"

ನಾನು ಕೋಣೆಗೆ ಓಡಿ ಬಂದು ನೋಡಿದೆ. ಮೂರು ಪೆಟ್ಟಿಗೆ, ಸಾಲು ಸಾಲು ಲೈಟು, ಎಲ್ಲವೂ ಹಸಿರು. ಹಿಂದಿನ ದಿನಗಳ ವೀಡಿಯೋ ತೆಗೆದೆ. ಅಂಥ ಖಾಲಿ ಜಾಗಗಳು ಇನ್ನೂ ಇದ್ದವು, ಎಲ್ಲವೂ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ. ಬೆಳಗಿನ ಪಾಳಿ ಕಾಕಾರದು. ವಯಸ್ಸಿಗೆ ಕಣ್ಣು ಮಂಜಾಗಿದ್ದರಿಂದ ಬೇರೆ ಪಾಳಿ ಅವರಿಗೆ ಹಾಕುತ್ತಿರಲಿಲ್ಲ. ನನಗೆ ಆದದ್ದು ದುಃಖವಲ್ಲ, ಸುಳ್ಳೇಕೆ ಹೇಳಲಿ, ಖುಷಿ. ಸಿಕ್ಕಿಬಿದ್ದ ಎನ್ನುವ ಖುಷಿ.

ನಾಲ್ಕು ದಿನ ಮೊದಲ ಬಸ್ಸಿಗೆ ಬಂದು ಕ್ಯಾಂಟೀನಿನ ಕಿಟಕಿಯಿಂದ ಅವರನ್ನು ನೋಡಿದೆ. ಅನುಮಾನದಿಂದ ನೋಡಿದರೆ ಮನುಷ್ಯ ಸುಮ್ಮನೆ ಉಸಿರಾಡಿದರೂ ತಪ್ಪೇ. ಡ್ರೈವರುಗಳ ಕಿವಿಯ ಹತ್ತಿರ ಬಾಗಿ ಮಾತಾಡುತ್ತಿದ್ದರು. ಟ್ರ್ಯಾಕ್ಟರಿನ ಸದ್ದಿಗೆ ಹಾಗೆ ಮಾತಾಡದೆ ಕೇಳುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ. ಚಷ್ಮಾ ಒರೆಸಿಕೊಂಡರೆ ಸನ್ನೆ ಎಂದುಕೊಂಡೆ. ದಿನಾ ಹತ್ತರ ಸುಮಾರಿಗೆ ಎರಡು ನಿಮಿಷ ಕ್ಯಾಬಿನ್ನಿನ ಹಿಂದೆ, ಕ್ಯಾಮೆರಾ ಕಾಣದ ಕಡೆ ಹೋಗುತ್ತಿದ್ದರು. ಒಂದು ದಿನ ಹಿಂದಿನಿಂದ ಹೋಗಿ ನಿಂತೆ. ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುತ್ತಿದ್ದವರು ಬೆಚ್ಚಿಬಿದ್ದರು.

"ಕ್ಯಾಮೆರಾದ ಮುಂದ ಬಾಯಾಗ ಹಾಕ್ಕೊಳ್ಳಾಕ ನಾಚಿಕಿ ಬರತೈತಿ ತಂಗಿ. ಯಾರರ ನೋಡಿದ್ರ ಏನಂತಾರ" ಎಂದರು.

ನಿಪ್ಪಾಣಿಯ ತಂಬಾಕು ತಿನ್ನುವ ಮುದುಕರು ನಮ್ಮ ಮನೆಯಲ್ಲೂ ಇದ್ದರು. ಅದನ್ನು ತಿಕ್ಕಲು ಎರಡು ನಿಮಿಷ ಬೇಕೇ ಬೇಕು ಎಂದು ನನಗೆ ಗೊತ್ತಿತ್ತು. ಆದರೂ ವಾಪಸ್ಸು ಬರುವಾಗ, ಇಷ್ಟು ಬೇಗ ಉತ್ತರ ಸಿದ್ಧವಿತ್ತಲ್ಲ ಎಂದು ಯೋಚಿಸಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಾನು ಹಳದಿ ಕಾಣಬೇಕಾದ ಕಡೆ ಹಸಿರು ನೋಡಿ, ಹಸಿರಿದ್ದ ಕಡೆ ಹಳದಿ ಹುಡುಕುತ್ತಿದ್ದೆ.

ಸಾಹೇಬರಿಗೆ ಎರಡು ಸಾಲು ಬರೆದುಕೊಟ್ಟೆ. ಯಂತ್ರಗಳ ಎಲ್ಲ ಲೈಟುಗಳೂ ಸರಿಯಾಗಿವೆ. ವೀಡಿಯೋ ತಪ್ಪುತ್ತಿರುವುದು ಬೆಳಗಿನ ಪಾಳಿಯಲ್ಲಿ ಮಾತ್ರ. ಯಾರ ಹೆಸರನ್ನೂ ಬರೆಯಲಿಲ್ಲ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ.

ಮರುದಿನ ಕಾಕಾರನ್ನು ಕಾಟಾದಿಂದ ತೆಗೆದು ಕಬ್ಬಿನ ಯಾರ್ಡಿಗೆ ಹಾಕಿದರು. ಸೀಟಿ ಊದಿ ಟ್ರ್ಯಾಕ್ಟರುಗಳನ್ನು ಸಾಲಿಗೆ ಹಚ್ಚುವ ಕೆಲಸ. ಪಗಾರ ಅದೇ, ನೆರಳಿಲ್ಲ ಅಷ್ಟೇ. ಆದರೆ ನಡು ಸೀಜನ್ನಿನಲ್ಲಿ ಒಬ್ಬನನ್ನು ಕಾಟಾದಿಂದ ಇಳಿಸಿದರೆ ಇಲ್ಲಿ ಅದಕ್ಕೆ ಒಂದೇ ಅರ್ಥ. ವಾರದೊಳಗೆ ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರ ಬಾಯಲ್ಲೂ ಆ ಮಾತು ಕೇಳಿದೆ. "ಮೂವತ್ತು ವರ್ಷ ತಾನ ಕಾಟಾದ ಮ್ಯಾಲ ನಿಂತ ನಾಟಕ ಮಾಡಿದ್ನಲ್ಲೋ, ಅಂವ ಕಾಟಾ ಹೊಡ್ಯಾಂವಂತ!" ಎಂದು ಒಬ್ಬ ನಗುತ್ತಿದ್ದ. ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.

ಕಾಟಾಕ್ಕೆ ಹೊಸ ಕ್ಲರ್ಕ್ ಬಂದ, ಚಿಕ್ಕೋಡಿಯವನು, ಬಾಯಿ ಬಿಟ್ಟರೆ ನಿಯಮ ಹೇಳುವ ಮನುಷ್ಯ. ಅವನ ಪಾಳಿಯಲ್ಲೂ ಒಂಬತ್ತರಿಂದ ಹನ್ನೊಂದಕ್ಕೆ ವೀಡಿಯೋ ತಪ್ಪಿತು. ಬುದ್ಧಿ ಇದ್ದವಳಾಗಿದ್ದರೆ ಅಲ್ಲಿಗೇ ನಿಲ್ಲಬೇಕಿತ್ತು. ನಾನು ಏನು ಅಂದುಕೊಂಡೆ ಗೊತ್ತೇ? ಮುದುಕ ಹೋಗುವಾಗ ಇವನಿಗೂ ವಿದ್ಯೆ ಕಲಿಸಿ ಹೋಗಿದ್ದಾನೆ ಎಂದುಕೊಂಡೆ! ಹೊಸಬನ ಮೇಲೂ ಒಂದು ಕಣ್ಣಿಟ್ಟೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ಮಧ್ಯಾಹ್ನ ಕಾಕಾ ನನ್ನ ಕೋಣೆಗೆ ಬಂದರು. ಬಿಸಿಲಿಗೆ ಮುಖ ಕರ್ರಗಾಗಿತ್ತು. ಕೂರಿ ಎಂದರೂ ಕೂರಲಿಲ್ಲ.

"ತಂಗಿ, ನಿನ್ನೆ ನನ್ನ ಹೆಂಡತಿ ಹಿಟ್ಟಿನ ಗಿರಣಿಗೆ ಹೋಗಿದ್ಲು. ಪಾಳೇದಾಗ ನಿಂತಾಕಿ ಒಬ್ಬಾಕಿ ಗಿರಣಿಯಂವಗ ಅಂದ್ಲಂತ, ಇವ್ರ ಜೋಳ ಸರಿಯಾಗಿ ತೂಗಪಾ, ಕಾಟಾ ಹೊಡಿಯೋ ಮನೆತನ ಅಂತ. ಆಕಿ ಜೋಳ ಅಲ್ಲೇ ಬಿಟ್ಟ ಬಂದ್ಲು. ಮನ್ಯಾಗ ಹಿಟ್ಟಿಲ್ಲ, ಗಿರಣಿಗೆ ಹೋಗಂದ್ರ ಒಲ್ಲೆ ಅಂತಾಳ. ಇನ್ನ ಎರಡ ತಿಂಗಳಿಗೆ ನನ್ನ ನೌಕರಿ ಮುಗೀತೈತಿ. ಈ ಹೆಸರ ಹೊತ್ಕೊಂಡ ನಾ ಊರಾಗ ಹ್ಯಾಂಗ ಕುಂದರ್ಲಿ?"

ಹೀಗೆಂದು ಪೆಟ್ಟಿಗೆಗಳ ಕಡೆ ತಿರುಗಿದರು.

"ನನ್ನ ಕೆಲಸ ನಾ ದಿನಾ ನಾಕ ಮಂದಿ ಮುಂದ ತೋರಿಸೀನಿ. ನಿನ್ನ ಕೆಲಸ ನನಗೊಮ್ಮೆ ತೋರಸು. ಈ ಲೈಟ್ ನೋಡೇ ನೀ ಬರದ ಕೊಟ್ಟಿ ಅಲ್ಲಾ? ಒಂದೊಂದ ಏನಂತೈತಿ ಹೇಳು."

ಹೇಳಿದೆ. ಸ್ವಲ್ಪ ಜಂಬದಿಂದಲೇ ಹೇಳಿದೆ. ಇದು ಕಾಟಾದ ಕ್ಯಾಮೆರಾ, ಇದು ರೆಕಾರ್ಡರು, ಇದು ಹಾಜರಿ ಯಂತ್ರ, ಎಲ್ಲ ಹಸಿರು. ಅವರು ಒಂದೊಂದಕ್ಕೂ ಬೆರಳು ಹಿಡಿದು, ಮುಟ್ಟದೆ, ಸಾಲಿನ ಕೊನೆಯವರೆಗೂ ಹೋದರು. ಆಮೇಲೆ ಎಡ ಮೂಲೆಗೆ ಬಂದರು. ಅಲ್ಲಿ ಮೂರೂ ಪೆಟ್ಟಿಗೆಗೆ ಒಂದರ ಕೆಳಗೊಂದು, ಸಾಲು ತಪ್ಪದ ಹಾಗೆ, ಕುಂಕುಮ ಇತ್ತು. ದಸರೆಯ ಖಂಡೇಪೂಜೆಯಂದು ಕಾರ್ಖಾನೆಯ ಗಾಡಿ ಗಿರಣಿ ಬಾಯ್ಲರಿಗೆಲ್ಲ ಪೂಜೆ ಆಗುತ್ತದೆ. ನನ್ನ ಪೆಟ್ಟಿಗೆಗಳಿಗೂ ನಾನೇ ಮಾಡುತ್ತೇನೆ. ಎಣ್ಣೆಯಲ್ಲಿ ಕಲಸಿ ಹಚ್ಚಿದ ಕುಂಕುಮ, ಗಟ್ಟಿಯಾಗಿ ಕೂತಿತ್ತು.

"ಇದರ ತೆಳಗ ಏನೈತಿ?"

"ಅದೂ ಒಂದ ಲೈಟ್ ರಿ ಕಾಕಾ. ಮೂರೂ ಪೆಟ್ಟಿಗಿ ಹಿಂದ ಕೂಡ್ಯಾವೋ ಇಲ್ಲೋ ಅಂತ ಹೇಳತೈತಿ. ಹಸಿರ ಐತ್ರಿ."

"ನೋಡಿ ಹೇಳಾಕತ್ತಿಯೋ, ಇರಬೇಕಂತ ಹೇಳಾಕತ್ತಿಯೋ?"

ನನಗೆ ಸಿಟ್ಟು ಬಂತು. "ಪೂಜಿ ಕುಂಕುಮ ರಿ, ಒರಸಾಕ ಬರಂಗಿಲ್ಲ" ಎಂದೆ. ಪೂಜೆಯ ಕುಂಕುಮ ತಾನಾಗಿ ಉದುರಬೇಕು, ನಾವು ಅಳಿಸಬಾರದು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮುತ್ತೈದೆಯ ಕೈಯಿಂದಂತೂ ಆಗದ ಮಾತು. ಕಾಕಾರೂ ಅದೇ ನೀರು ಕುಡಿದವರು. ಬೆರಳು ಹಿಂದಕ್ಕೆ ತೆಗೆದುಕೊಂಡರು.

"ಹೌದು, ಅದ ಖರೆ. ಒರಸಬ್ಯಾಡ" ಎಂದು ಹೇಳಿ ಹೊರಟುಹೋದರು. ತಮ್ಮ ಮಾನ ಆ ಕುಂಕುಮದ ಕೆಳಗೆ ಇದೆ ಎಂದು ಅನ್ನಿಸಿದ ಮೇಲೂ ಅವರು ಒರೆಸು ಎನ್ನಲಿಲ್ಲ.

ಮೂರು ದಿನ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೊದಲ ದಿನ, ಮುದುಕ ನನ್ನ ದಾರಿ ತಪ್ಪಿಸಲು ಹಾಗೆ ಕೇಳಿದ ಎಂದುಕೊಂಡೆ. ಎರಡನೆಯ ದಿನ, ದಾರಿ ತಪ್ಪಿಸುವವನು ಒರೆಸಬೇಡ ಎನ್ನುತ್ತಿದ್ದನೇ ಎಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಬಾಗಿಲು ಮುಂದೆ ಮಾಡಿ, ದೇವರಿಗೆ ತಪ್ಪಾಯಿತು ಎಂದು ಹೇಳಿಕೊಂಡು, ಒದ್ದೆ ಬೆರಳಿನಿಂದ ಮೇಲಿನ ಪೆಟ್ಟಿಗೆಯ ಕುಂಕುಮ ತೆಗೆದೆ. ಎಸೆಯಲು ಮನಸ್ಸಾಗದೆ ನನ್ನ ಹಣೆಗೇ ಹಚ್ಚಿಕೊಂಡೆ. ಕೆಳಗೆ ಲೈಟು ಉರಿಯುತ್ತಿತ್ತು. ಹಳದಿ.

ಎರಡನೆಯದನ್ನೂ ತೆಗೆದೆ, ಮೂರನೆಯದನ್ನೂ ತೆಗೆದೆ. ಮೂರೂ ಹಳದಿ. ವರ್ಷದಿಂದ ಮುಟ್ಟದ ಆ ಗುಂಡಿಯನ್ನು ನಂಟು ತೋರಿಸುವವರೆಗೆ ಒತ್ತಿದೆ. ಅಲ್ಲಿಯೂ ಅದೇ ಉತ್ತರ, ಉಂಗುರ ಹರಿದಿದೆ. ಬ್ಯಾಟರಿ ಹಿಡಿದು ಚೌಕಟ್ಟಿನ ಹಿಂದೆ ತೂರಿದೆ. ಮೂರರಿಂದ ಒಂದಕ್ಕೆ ಹೋಗುವ ಕೇಬಲ್ಲು ತೂತಿನಿಂದ ಅರ್ಧ ಬೆರಳು ಹೊರಗೆ ಬಂದು ಓರೆಯಾಗಿ ನಿಂತಿತ್ತು. ಅದರ ಎರಡು ತಿರುಪುಗಳಲ್ಲಿ ಒಂದನ್ನು ಮಾತ್ರ ಬಿಗಿದಿದ್ದರು.

ಬಿಗಿದಿದ್ದರು ಎಂದು ಬರೆದೆ ನೋಡಿ, ಈಗಲೂ ಬುದ್ಧಿ ಹೋಗಿಲ್ಲ. ಬಿಗಿದವಳು ನಾನೇ. ಖಂಡೇಪೂಜೆಯ ದಿನ ಪೆಟ್ಟಿಗೆಗಳನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸುವಾಗ, ಕೊನೆಯ ಕೇಬಲ್ಲಿನ ಒಂದು ತಿರುಪು ಹಾಕಿದ್ದೆ, ಅಷ್ಟರಲ್ಲಿ ಬಾಯ್ಲರಿನ ಕಡೆ ಆರತಿಯ ಗಂಟೆ ಬಾರಿಸಿತು. ಆಮೇಲೆ ಹಾಕಿದರಾಯಿತು ಎಂದು ಕುಂಕುಮ ಹಚ್ಚಿ ಓಡಿದೆ. ಲೈಟುಗಳ ಸಾಲಿಲ್ಲದ ಜಾಗ ಎಡ ಮೂಲೆಯೊಂದೇ ಎಂದು ಅಲ್ಲಿಗೇ ಹಚ್ಚಿದೆ. ಅಲ್ಲಿದ್ದ ಒಂದು ಪುಟ್ಟ ಲೈಟಿನ ಬಾಯಿ ಮುಚ್ಚಿದೆ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಆಫೀಸುಗಳು ತೆರೆದು, ಹಿಂದಿನ ದಿನದ ಲೆಕ್ಕದ ನಕಲು ಓಡತೊಡಗಿದಾಗ ಉಳಿದ ಒಂದು ದಾರಿ ತುಂಬಿ, ಕಾಟಾದ ವೀಡಿಯೋ ನಡುದಾರಿಯಲ್ಲಿ ಬಿದ್ದುಹೋಗುತ್ತಿತ್ತು. ಅಷ್ಟು ದಿನವೂ ಆದದ್ದು ಇಷ್ಟೇ.

ಎರಡು ಬೆರಳಿನಿಂದ ಒತ್ತಿ ತಿರುಪು ಬಿಗಿದೆ. ಒಂದು ನಿಮಿಷದಲ್ಲಿ ಮೂರೂ ಹಸಿರಾದವು. ನಾನು ನೆಲದ ಮೇಲೆ ಕೂತು ಅತ್ತೆ. ನಾಚಿಕೆಗೆ ಅತ್ತೆನೋ ಭಯಕ್ಕೆ ಅತ್ತೆನೋ ಬಿಡಿಸಿ ಹೇಳಲಾರೆ, ಎರಡೂ ಇತ್ತು. ಗುತ್ತಿಗೆಯ ನೌಕರಿ, ಮಾರ್ಚ್ ಬಂದರೆ ಮುಂದುವರಿಸುತ್ತಾರೋ ಇಲ್ಲವೋ ಎಂಬ ದಿನಗಳು.

ನಾಲ್ಕು ದಿನ ಬಾಯಿ ಬಿಡಲಿಲ್ಲ. ವೀಡಿಯೋ ಒಮ್ಮೆಯೂ ತಪ್ಪಲಿಲ್ಲ. ಕಾರ್ಖಾನೆಯ ಮಂದಿ, ಹೊಸ ಕ್ಲರ್ಕ್ ಸರಿಯಾದ ಮನುಷ್ಯ, ಅದಕ್ಕೇ ಈಗ ಏನೂ ತಪ್ಪುತ್ತಿಲ್ಲ ಎಂದು ಮಾತಾಡಿಕೊಂಡರು. ನನ್ನ ಮೌನ ಕಾಕಾರ ಕುತ್ತಿಗೆಗೆ ಇನ್ನೊಂದು ಗಂಟು ಹಾಕುತ್ತಿತ್ತು. ಐದನೆಯ ದಿನ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಈಗ ದುರಸ್ತ ಆಗೈತಲ್ರಿ? ಬಿಡ್ರಿ. ಮತ್ತ ಅವರನ್ನ ಕಾಟಾಕ್ಕ ಕುಂದರಿಸಿದ್ರ ರೈತರು ಏನಂತಾರ? ಆಫೀಸಿನಾವರೂ ಒಳಗ ಕೈ ಕೂಡಿಸ್ಯಾರ ಅಂತಾರ. ಸೀಜನ್ ಮುಗೀಲಿ."

ನನ್ನ ನೌಕರಿಯ ಮಾತು ಅವರು ಎತ್ತಲಿಲ್ಲ. ನನ್ನ ತಪ್ಪಿಗೆ ಶಿಕ್ಷೆಯೂ ಇಲ್ಲ, ಕಾಕಾರ ತಪ್ಪಿಲ್ಲದ್ದಕ್ಕೆ ಬಿಡುಗಡೆಯೂ ಇಲ್ಲ.

ಅಲ್ಲಿಂದ ನೇರ ಯಾರ್ಡಿಗೆ ಹೋದೆ. ಕಾಕಾ ಒಂದು ಟ್ರ್ಯಾಲಿಯ ನೆರಳಿಗೆ ನಿಂತು ರೊಟ್ಟಿ ಬಿಚ್ಚುತ್ತಿದ್ದರು. ಕಾಲು ಮುಟ್ಟಲು ಬಾಗಿದೆ, ಹಿಂದೆ ಸರಿದರು. ಎಲ್ಲವನ್ನೂ ಹೇಳಿದೆ. ಕೇಳುತ್ತಿದ್ದವರು ತುತ್ತು ಬಾಯಿಗಿಡಲಿಲ್ಲ.

"ಕುಂಕುಮ ಒರಸಿದಿ?" ಎಂದರು.

"ಒರಸೀನ್ರಿ."

"ನಿನ್ನ ಗಂಡ ಅರಾಮ ಅದಾನಿಲ್ಲೋ?"

"ಅದಾನ್ರಿ ಕಾಕಾ."

"ಛಲೋ ಆತು" ಎಂದು ರೊಟ್ಟಿ ಮತ್ತೆ ಕಟ್ಟಿಟ್ಟರು. ಆಮೇಲೆ, "ನನಗ ಹೇಳಿ ಏನ ಮಾಡ್ತಿ ತಂಗಿ? ನಾ ಹೊಡದಿಲ್ಲ ಅನ್ನೂದು ನನಗ ಮೊದಲ ಗೊತ್ತೈತಿ. ಕಾಟಾದ ಮುಂದ ನಿಂತ ಹೇಳು" ಎಂದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಕಾಟಾದ ಮುಂದೆ ನಿಂತೆ. ಸಾಲಿನಲ್ಲಿ ಇಪ್ಪತ್ತು ಟ್ರ್ಯಾಕ್ಟರು, ಕೆಳಗಿಳಿದು ಹರಟುತ್ತಿದ್ದ ರೈತರು. ಹಿಂದಿನ ಕ್ಲರ್ಕನ ತಪ್ಪು ಏನೂ ಇಲ್ಲ, ವೀಡಿಯೋ ತಪ್ಪಿದ್ದು ನನ್ನಿಂದ, ಒಂದು ಕೇಬಲ್ ಸಡಿಲು ಬಿಟ್ಟಿದ್ದೆ, ಅದನ್ನು ತೋರಿಸುವ ಲೈಟಿಗೆ ಕುಂಕುಮ ಹಚ್ಚಿದ್ದೆ ಎಂದು ಗಟ್ಟಿಯಾಗಿ ಹೇಳಿದೆ. ಆಮೇಲೆ ಟವೆಲ್ ಸುತ್ತಿದ್ದ ಒಬ್ಬ ಹಿರಿಯ ಕೇಳಿದ.

"ಅಂವ ನಿಮಗೇನ ಆಗಬೇಕ್ರಿ ಅಕ್ಕಾರ?"

"ಏನೂ ಆಗಬೇಕಾಗಿಲ್ರಿ."

"ಹಂಗಾರ ಎಷ್ಟ ಕೊಟ್ಟಾನ?"

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅವರು ನನ್ನನ್ನು ನೋಡಿದ ಬಗೆ ಇದೆಯಲ್ಲ, ಅದು ನನಗೆ ಚೆನ್ನಾಗಿ ಪರಿಚಯದ್ದು. ಕ್ಯಾಂಟೀನಿನ ಕಿಟಕಿಯಿಂದ ನಾಲ್ಕು ದಿನ ನಾನು ಕಾಕಾರನ್ನು ನೋಡಿದ್ದು ಅದೇ ಕಣ್ಣಿನಿಂದ. ಬನ್ನಿ ನನ್ನ ಕೋಣೆಗೆ, ಲೈಟು ತೋರಿಸುತ್ತೇನೆ ಎಂದು ಕೂಗಿದೆ. ಒಬ್ಬ ಬಂದು ನೋಡಿದ. "ಎಲ್ಲಾ ಹಸಿರ ಅದಾವಲ್ರಿ, ಎಲ್ಲಿ ಕೆಟ್ಟೈತಿ?" ಎಂದು ಕೇಳಿ ಹೋದ.

ಕಾಕಾರಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. "ನಾಳಿನೂ ಹೇಳು. ನಾಳೆ ಬ್ಯಾರೆ ಮಂದಿ ಬರತಾರ" ಎಂದರು.

ದಿನಾ ಹೇಳಿದೆ. ಸೀಜನ್ ಮುಗಿಯುವವರೆಗೆ, ಬೆಳಿಗ್ಗೆ ಎಂಟಕ್ಕೆ, ಕಾಟಾದ ಮುಂದೆ. ಕೆಲವರು ಕೈ ಬೀಸಿ ಮುಂದೆ ಹೋಗೆಂದರು. ಕೆಲವರಿಗೆ ಅದು ಪುಕ್ಕಟೆ ತಮಾಷೆ; ನಾನು ಬಾಯಿ ತೆರೆಯುವ ಮೊದಲೇ ನನ್ನ ಮಾತನ್ನು ಅವರೇ ಹೇಳಿಬಿಡುತ್ತಿದ್ದರು. ಸಾಹೇಬರು ಒಮ್ಮೆ ಕರೆಸಿ ಬೈದರು, ಆಮೇಲೆ ಬಿಟ್ಟರು. ಮನೆಯಲ್ಲಿ ಗಂಡ, "ಸಾಕ ಮಾಡ ಇನ್ನ, ಮಂದಿ ನಿನಗ ಹುಚ್ಚಿ ಅನ್ನಾಕತ್ತೈತಿ" ಎಂದ. ಸಾಕು ಮಾಡಲಿಲ್ಲ. ಒಬ್ಬನೇ ಒಬ್ಬ, ಹೌದೇನ್ರಿ, ಪಾಪ ಆ ಮನಶ್ಯಾ, ಎಂದಿದ್ದರೆ ಅವನ ಕೈ ಹಿಡಿದು ಯಾರ್ಡಿಗೆ ಎಳೆದುಕೊಂಡು ಹೋಗುತ್ತಿದ್ದೆ. ಯಾರೂ ಹಾಗೆ ಅನ್ನಲಿಲ್ಲ.

ಸೀಜನ್ನಿನ ಕೊನೆಯ ದಿನವೇ ಕಾಕಾರ ನೌಕರಿಗೂ ಕೊನೆಯ ದಿನ. ಮಧ್ಯಾಹ್ನ ಆಫೀಸಿನಲ್ಲಿ ಒಂದು ಶಾಲು ಹೊದಿಸಿ ಕಳಿಸಿದರು. ಸಂಜೆ ಗೇಟಿನ ಹೊರಗೆ ಬಸ್ಸಿಗೆ ನಿಂತಿದ್ದರು, ಕೈಯಲ್ಲಿ ರೊಟ್ಟಿಯ ಡಬ್ಬಿಯ ಚೀಲ, ಶಾಲು ಮಡಿಸಿ ಅದರೊಳಗೆ ತುರುಕಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಇವತ್ತೂ ಹೇಳಿದಿ?" ಎಂದು ಕೇಳಿದರು.

"ಹೇಳೀನ್ರಿ ಕಾಕಾ."

"ಇಷ್ಟ ದಿನದಾಗ ಯಾರರ ನಂಬ್ಯಾರ?"

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಇಬ್ಬರ ನಂಬ್ಯಾರ್ರಿ" ಎಂದೆ.

ಅವರ ಮುಖ ಅರಳಿತು. ಎರಡು ತಿಂಗಳಲ್ಲಿ ಆ ಮುಖದ ಮೇಲೆ ನಾನು ನಗು ಕಂಡದ್ದು ಅದೇ ಮೊದಲು. ಚೀಲ ಕೆಳಗಿಟ್ಟು ನನ್ನ ಕಡೆ ಪೂರ್ತಿ ತಿರುಗಿದರು.

"ಯಾರ್ಯಾರ? ನಮ್ಮೂರ ಕಡ್ಯಾವರೇನ? ಹೆಸರ ಹೇಳು, ಮನಿಯಾಕಿಗಿ ಹೇಳ್ತೀನಿ, ಗಿರಣಿಗೆ ಹೋಗಾಕ ಧೈರ್ಯ ಬರತೈತಿ ಆಕಿಗಿ."

ಅವರು ಕಾಯುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಬಳಿ ಹೇಳಲು ಒಂದು ಹೆಸರೂ ಇರಲಿಲ್ಲ.